ಕೋಷ್ಟಕದ ಕೆಳಗಿನ ಸಣ್ಣ ಅಕ್ಷರ

(ನಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ಕೇಳಲು ಬಂದವರಲ್ಲಿ ಹೆಚ್ಚಿನವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರು. ಒಂದಷ್ಟು ಶಿಕ್ಷಕರು, ಪತ್ರಿಕೆಗೆ ಸುದ್ದಿ ಬರೆಯುವ ಇಬ್ಬರು ಮೂವರು ಕೂಡ ಇದ್ದರು. ಬರೆದು ಕೊಡಿ ಅಂತ ಹಲವರು ಕೇಳಿದ್ದರಿಂದ ನೆನಪಿದ್ದಷ್ಟನ್ನು ಇಲ್ಲಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಗೋಡೆಯ ವಿಷಯದಿಂದ ಶುರು ಮಾಡುತ್ತೇನೆ. ನಾನು ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದ ಪ್ರೌಢಶಾಲೆಯ ವರಾಂಡದಲ್ಲಿ ಕರ್ನಾಟಕದ ದೊಡ್ಡ ನಕ್ಷೆ ಬರೆಸಿದ್ದೆವು. 2011ರ ಜೂನ್‌ನಲ್ಲಿ ಶಾಲೆ ಶುರುವಾದಾಗ, ಅದರ ಪಕ್ಕ ಹೊಸ ಜನಗಣತಿಯ ಸಂಖ್ಯೆಯನ್ನೂ ಬರೆಸೋಣ ಅಂತ ನಾನೇ ಹೇಳಿದೆ. ಪೇಂಟರ್ ಕೆಂಪು ಬಣ್ಣದಲ್ಲಿ ಬರೆದುಕೊಟ್ಟ: ಕರ್ನಾಟಕದ ಜನಸಂಖ್ಯೆ 6,11,30,704. ಎರಡು ವರ್ಷ ಮಕ್ಕಳೆಲ್ಲ ಅದನ್ನೇ ಬಾಯಿಪಾಠ ಮಾಡಿದರು. ಆಮೇಲೆ ಒಂದು ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. “ಮಿಸ್, ಇದರಲ್ಲಿ 6,10,95,297 ಅಂತಿದೆ. ಗೋಡೆ ಮೇಲಿರೋದು ತಪ್ಪಾ?”

ಕಳೆದು ನೋಡಿದರೆ 35,407 ಜನರ ವ್ಯತ್ಯಾಸ. ಒಂದು ಪಟ್ಟಣವೇ ಕಾಣೆಯಾದ ಹಾಗೆ. ಅವಳ ಪುಸ್ತಕವೂ ಸರ್ಕಾರದ್ದೇ, ನಾನು ನೋಡಿ ಬರೆಸಿದ್ದೂ ಸರ್ಕಾರದ ಪುಸ್ತಕವೇ. ಎರಡರಲ್ಲೂ ಸುಳ್ಳಿಲ್ಲ. ಗೋಡೆಯ ಮೇಲಿದ್ದದ್ದು ತಾತ್ಕಾಲಿಕ ಸಂಖ್ಯೆ. ಗಣತಿ ಮುಗಿದ ಕೂಡಲೇ ನಾವು ಗಣತಿದಾರರು ನಮ್ಮ ನಮ್ಮ ಬ್ಲಾಕಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಕೊಡುತ್ತೇವೆ. ಆ ಹಾಳೆಗಳನ್ನು ಕೂಡಿ, ಕೆಲವೇ ವಾರಗಳಲ್ಲಿ ಹೊರಗೆ ಬರುವುದು ತಾತ್ಕಾಲಿಕ ಸಂಖ್ಯೆ. ಆಮೇಲೆ ಒಂದೊಂದು ಮನೆಯ ನಮೂನೆಯನ್ನೂ ಸ್ಕ್ಯಾನ್ ಮಾಡಿ, ಪರಿಶೀಲಿಸಿ, ಅಂತಿಮ ಸಂಖ್ಯೆ ಕೊಡುತ್ತಾರೆ. ಅದು ಬಂದದ್ದು 2013ರಲ್ಲಿ. ನಾನು ಮಾಡಿದ ತಪ್ಪು ಒಂದೇ. ಪುಸ್ತಕದ ತಲೆಬರಹದಲ್ಲೇ ‘ತಾತ್ಕಾಲಿಕ’ ಅಂತ ಇತ್ತು. ನಾನು ಅಂಕಿಯನ್ನು ಮಾತ್ರ ತಂದೆ, ಆ ಪದವನ್ನು ಅಲ್ಲೇ ಬಿಟ್ಟು ಬಂದೆ.

ಇವತ್ತು ನಾನು ಹೇಳಬೇಕಾದ್ದು ಇಷ್ಟೇ. ಸರ್ಕಾರದ ಪುಸ್ತಕದಲ್ಲಿ ಅಂಕಿ ಒಂಟಿಯಾಗಿ ಇರುವುದಿಲ್ಲ. ಅದರ ಮೇಲೆ ತಲೆಬರಹ ಇರುತ್ತದೆ, ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿ ಇರುತ್ತದೆ. ತರುವುದಾದರೆ ಮೂರನ್ನೂ ಒಟ್ಟಿಗೆ ತರಬೇಕು.

ಈ ಅಂಕಿಗಳು ಎಲ್ಲಿ ಹುಟ್ಟುತ್ತವೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. 2011ರ ಫೆಬ್ರುವರಿ 9ರಿಂದ 28ರವರೆಗೆ ಮನೆ ಮನೆ ಸುತ್ತಿದೆವು. 28ರ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ ಮಲಗಿದವರನ್ನು ಎಣಿಸಿದೆವು. ಮಾರ್ಚ್ 1 ಹುಟ್ಟುವ ಆ ನಡುರಾತ್ರಿಯ ಕ್ಷಣಕ್ಕೆ ದೇಶದಲ್ಲಿ ಎಷ್ಟು ಜನ ಇದ್ದರು ಅನ್ನುವುದೇ ಜನಗಣತಿ. ಒಂದು ಮನೆಯಲ್ಲಿ ಅಜ್ಜಿಯ ವಯಸ್ಸು ಕೇಳಿದೆ. ಸೊಸೆ, “ಎಪ್ಪತ್ತು ಅಂತ ಬರ್ಕೊಳಿ ಮಿಸ್” ಅಂದಳು. ಅಜ್ಜಿಯನ್ನೇ ಕೇಳಿದರೆ, “ಅರವತ್ತೋ ಎಪ್ಪತ್ತೋ, ನಂಗೇನು ಗೊತ್ತು ತಾಯಿ” ಅಂದರು. ಪಕ್ಕದಲ್ಲಿ ಕೂತೆ. ಮದುವೆ, ಮಕ್ಕಳು, ಬರಗಾಲ ಅಂತ ಮಾತಾಡುತ್ತಾ ಹೋದ ಹಾಗೆ ಅಜ್ಜಿಗೆ ಒಂದು ನೆನಪು ಬಂತು. “ಗಾಂಧಿ ಸತ್ತ ಸುದ್ದಿ ಬಂದಾಗ ನಾನು ಆಗಷ್ಟೇ ದೊಡ್ಡೋಳಾಗಿದ್ದೆ.” 1948. ಆಗ ಹದಿಮೂರು ಅಂತ ಇಟ್ಟುಕೊಂಡು 76 ಅಂತ ಬರೆದೆ. ಎಲ್ಲ ಮನೆಯಲ್ಲೂ ಹೀಗೆ ಕೂರಲು ಆಗುವುದಿಲ್ಲ, ಅಲ್ವಾ? ಜನಗಣತಿಯಲ್ಲಿ ಒಂದೊಂದು ವಯಸ್ಸಿಗೆ ಎಷ್ಟು ಜನ ಅಂತ ತೋರಿಸುವ ಸಿ-13 ಎಂಬ ಕೋಷ್ಟಕ ಇದೆ. ತೆಗೆದು ನೋಡಿ. 59ಕ್ಕೂ 61ಕ್ಕೂ ಕಡಿಮೆ ಜನ, ನಡುವೆ 60ಕ್ಕೆ ದೊಡ್ಡ ಗುಂಪು. 35, 40, 45, 50, ಎಲ್ಲ ಕಡೆ ಹೀಗೇ. ನಮ್ಮ ಜನ ಸೊನ್ನೆ, ಐದಕ್ಕೆ ಸರಿಮಾಡಿ ವಯಸ್ಸು ಹೇಳಿದ್ದು ಹಾಗೇ ಅಚ್ಚಾಗಿದೆ. ಅದನ್ನು ಮುಚ್ಚಿಡದೆ ಇದ್ದ ಹಾಗೇ ಕೊಟ್ಟಿದ್ದಾರಲ್ಲ, ಅದಕ್ಕೇ ಆ ಪುಸ್ತಕದ ಮೇಲೆ ನನಗೆ ನಂಬಿಕೆ ಜಾಸ್ತಿ.

ಈಗ ಸಾಕ್ಷರತೆಗೆ ಬನ್ನಿ. ಕರ್ನಾಟಕದ ಸಾಕ್ಷರತೆ ಶೇ 75.36 ಅಂತ ನೀವೆಲ್ಲ ಓದಿದ್ದೀರಿ. ನನ್ನ ವಿದ್ಯಾರ್ಥಿಯೊಬ್ಬ ಸುಮ್ನೆ ನಂಬದೆ ತಾನೇ ಲೆಕ್ಕ ಹಾಕಿದ. ಓದು ಬರಹ ಬಲ್ಲವರು 4,06,47,322. ಒಟ್ಟು ಜನ 6,10,95,297. ಭಾಗಿಸಿದರೆ ಶೇ 66.5 ಬರುತ್ತದೆ. “ಸರ್ಕಾರ ಒಂಬತ್ತು ಪರ್ಸೆಂಟ್ ಜಾಸ್ತಿ ತೋರಿಸಿದೆ ಮಿಸ್” ಅಂತ ಸಿಟ್ಟಿನಲ್ಲಿ ಬಂದ. ಅವನ ಲೆಕ್ಕ ಸರಿಯಾಗಿತ್ತು. ಭಾಗಿಸಿದ ಸಂಖ್ಯೆ ಸರಿ ಇರಲಿಲ್ಲ. ಸಾಕ್ಷರತೆಯ ಲೆಕ್ಕಕ್ಕೆ ಏಳು ವರ್ಷ ತುಂಬಿದವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಆರು ವರ್ಷದವರೆಗಿನ 71,61,033 ಮಕ್ಕಳನ್ನು ಕಳೆದು ಭಾಗಿಸಿ, ಸರಿಯಾಗಿ 75.36 ಬರುತ್ತದೆ. ಇನ್ನೊಂದು ವಿಷಯ. 1981ರವರೆಗೆ ಈ ಗೆರೆ ಐದು ವರ್ಷಕ್ಕಿತ್ತು. 1991ರಲ್ಲಿ ಏಳಕ್ಕೆ ಸರಿಯಿತು. ಹಳೆಯ ಪುಸ್ತಕದ ಶೇಕಡಾವನ್ನೂ ಹೊಸ ಪುಸ್ತಕದ ಶೇಕಡಾವನ್ನೂ ಪಕ್ಕಪಕ್ಕ ಇಟ್ಟು ಇಷ್ಟು ಏರಿದೆ ಅಂದರೆ, ಆ ಏರಿಕೆಯಲ್ಲಿ ಸ್ವಲ್ಪ ಭಾಗ ಗೆರೆ ಸರಿದದ್ದರಿಂದ ಬಂದದ್ದು. ಸಾಕ್ಷರ ಅಂದರೆ ಯಾರು ಅನ್ನುವುದೂ ಅಲ್ಲೇ ಇರುತ್ತದೆ: ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲು, ಬರೆಯಲು ಬಲ್ಲವರು. ಶಾಲೆಗೆ ಹೋಗಿರಲೇಬೇಕು ಅಂತ ಇಲ್ಲ.

ಮೈಸೂರು ರಾಜ್ಯದ 1951ರ ಲೆಕ್ಕ ಇನ್ನೂ ದೊಡ್ಡ ಪಾಠ. ಆ ಕಾಲದ ಪುಸ್ತಕ ತೆರೆದರೆ ಮೈಸೂರಿನ ಜನಸಂಖ್ಯೆ 90,74,972. ಈಗಿನ ಪುಸ್ತಕದಲ್ಲಿ ಕರ್ನಾಟಕದ 1951ರ ಜನಸಂಖ್ಯೆ 1,94,01,956. ಒಂದೇ ವರ್ಷ, ಒಂದೇ ಗಣತಿ, ಎರಡು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಏನಾಯಿತು ಅಂತ ನಿಮಗೆ ಹೊಳೆದಿರಬೇಕು. 1956ರ ನವೆಂಬರ್ 1ಕ್ಕೆ ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರದ ಕಡೆಯವರು, ಕಲಬುರಗಿ, ರಾಯಚೂರು, ಬೀದರಿನವರು, ಮಂಗಳೂರಿನವರು, ಕೊಡಗಿನವರು ಸೇರಿದರು. ಈಗಿನ ಪುಸ್ತಕ ಇವತ್ತಿನ ಗಡಿಯನ್ನು ಇಟ್ಟುಕೊಂಡು ಹಿಂದಿನ ಲೆಕ್ಕವನ್ನು ಮತ್ತೆ ಕೂಡಿದೆ. ಇದು ತಿಳಿಯದೆ 1951ಕ್ಕೆ ಹಳೆಯ ಪುಸ್ತಕ, 1961ಕ್ಕೆ ಹೊಸ ಪುಸ್ತಕ ಹಿಡಿದರೆ, ಹತ್ತು ವರ್ಷದಲ್ಲಿ 90 ಲಕ್ಷದಿಂದ 2,35,86,772ಕ್ಕೆ ಜಿಗಿದ ಹಾಗೆ ಕಾಣುತ್ತದೆ. ಅಷ್ಟು ಮಕ್ಕಳು ಎಲ್ಲಿ ಹುಟ್ಟಲು ಸಾಧ್ಯ?

ಜಿಲ್ಲೆಗಳಿಗೂ ಇದೇ ಮಾತು. 2001ರ ಗಣತಿಯಲ್ಲಿ ನಮ್ಮಲ್ಲಿ 27 ಜಿಲ್ಲೆ, 2011ರಲ್ಲಿ 30, ಈಗ 31. 2011ರ ಪುಸ್ತಕದ ಬಳ್ಳಾರಿಯೊಳಗೆ ಹೊಸಪೇಟೆಯೂ ಇದೆ, ಯಾಕೆಂದರೆ ವಿಜಯನಗರ ಜಿಲ್ಲೆ ಹುಟ್ಟಿದ್ದು 2021ರಲ್ಲಿ. 2001ರ ಗುಲ್ಬರ್ಗದೊಳಗೆ ಯಾದಗಿರಿ ಇದೆ. ಹಾಗಾಗಿ ಜಿಲ್ಲೆ ಜಿಲ್ಲೆ ಹೋಲಿಸುವವರು ತಾಲ್ಲೂಕಿನ ಮಟ್ಟಕ್ಕೆ ಇಳಿದು ಕೂಡಿಕೊಳ್ಳುವುದೇ ಕ್ಷೇಮ. ತಾಲ್ಲೂಕುಗಳೂ ಈಚೆಗೆ ಒಡೆದಿವೆ, ಅದೂ ನೆನಪಿರಲಿ.

ಇಡೀ ದೇಶದ ಮೊತ್ತಕ್ಕೂ ಅಡಿಟಿಪ್ಪಣಿ ಇದೆ. 2001ರ ಭಾರತದ ಜನಸಂಖ್ಯೆ ಒಂದು ಕಡೆ 1,02,86,10,328, ಇನ್ನೊಂದು ಕಡೆ 1,02,87,37,436. ಮಣಿಪುರದ ಸೇನಾಪತಿ ಜಿಲ್ಲೆಯ ಮೂರು ಉಪವಿಭಾಗಗಳಲ್ಲಿ ಆ ಸಲದ ಗಣತಿಯ ಫಲಿತಾಂಶವನ್ನೇ ರದ್ದು ಮಾಡಿದ್ದರು. ಮೊದಲನೆಯದರಲ್ಲಿ ಅಲ್ಲಿನ ಜನ ಇಲ್ಲ. ಎರಡನೆಯದರಲ್ಲಿ ಅಂದಾಜು ಮಾಡಿ ಸೇರಿಸಿದ್ದಾರೆ. ಪರೀಕ್ಷೆಗೆ ಓದುವವರು ಯಾವುದು ಸರಿ ಉತ್ತರ ಅಂತ ಜಗಳ ಆಡುವ ಬದಲು ಆ ಟಿಪ್ಪಣಿ ಓದಿ.

ಇಲ್ಲಿ ಕೂತಿರುವ ತುಂಬಾ ಜನಕ್ಕೆ ಕೆಲಸಕ್ಕೆ ಬರುವ ಪುಸ್ತಕ ಅಂದರೆ ಜಿಲ್ಲಾ ಜನಗಣತಿ ಕೈಪಿಡಿ. 2011ರದ್ದು ಎರಡು ಭಾಗ. ಎ ಭಾಗದಲ್ಲಿ ಒಂದೊಂದು ಹಳ್ಳಿಯ ಸೌಲಭ್ಯ: ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಬಸ್, ಬ್ಯಾಂಕು. ಬಿ ಭಾಗದಲ್ಲಿ ಒಂದೊಂದು ಹಳ್ಳಿಯ ಜನ: ಗಂಡಸರು, ಹೆಂಗಸರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಸಾಕ್ಷರರು, ದುಡಿಯುವವರು. ಎರಡನ್ನೂ ಜನಗಣತಿ ಇಲಾಖೆಯ ವೆಬ್‌ಸೈಟಿನಿಂದ ಹಣ ಕೊಡದೆ ಇಳಿಸಿಕೊಳ್ಳಬಹುದು. ಹಳ್ಳಿಯಲ್ಲಿ ಒಂದು ಸೌಲಭ್ಯ ಇಲ್ಲದಿದ್ದರೆ ಆ ಜಾಗದಲ್ಲಿ ಎ, ಬಿ, ಸಿ ಅಂತ ಒಂದು ಅಕ್ಷರ ಇರುತ್ತದೆ. ಐದು ಕಿಲೋಮೀಟರ್ ಒಳಗೆ ಸಿಕ್ಕಿದರೆ ಎ. ಐದರಿಂದ ಹತ್ತು ಕಿಲೋಮೀಟರ್ ಆದರೆ ಬಿ. ಹತ್ತಕ್ಕಿಂತ ದೂರ ಆದರೆ ಸಿ. ಹೈಸ್ಕೂಲಿಗೆ ಸಿ ಅಂತಿರುವ ಹಳ್ಳಿಯ ಹೆಣ್ಣುಮಕ್ಕಳ ಕಷ್ಟ ಏನು ಅಂತ ನಾನು ನಿಮಗೆ ಹೇಳಬೇಕಿಲ್ಲ. ಪಂಚಾಯಿತಿಗೆ ಅರ್ಜಿ ಬರೆಯುವಾಗ ಆ ಒಂದು ಅಕ್ಷರವನ್ನು ಪುಟದ ಸಂಖ್ಯೆ ಸಮೇತ ಬರೆಯಿರಿ. ಅದರ ತೂಕವೇ ಬೇರೆ.

“ನಮ್ಮ ಊರೇ ಪುಸ್ತಕದಲ್ಲಿಲ್ಲ” ಅಂತ ಬರುವವರು ತುಂಬಾ ಜನ. ಗಾಬರಿ ಬೇಡ. ಜನಗಣತಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಂದಾಯ ಗ್ರಾಮವನ್ನು. ನಿಮ್ಮದು ಹಟ್ಟಿಯೋ, ತಾಂಡಾವೋ, ಮಜರೆಯೋ ಆಗಿದ್ದರೆ ಅಲ್ಲಿನ ಜನ ಮೂಲ ಕಂದಾಯ ಗ್ರಾಮದ ಲೆಕ್ಕದೊಳಗೆ ಸೇರಿರುತ್ತಾರೆ. ಪಹಣಿಯಲ್ಲಿ ಯಾವ ಗ್ರಾಮದ ಹೆಸರಿದೆ ನೋಡಿ, ಆ ಹೆಸರಿನಲ್ಲಿ ಹುಡುಕಿ. ಇದರ ತಿರುಗುಮುರುಗೂ ಇದೆ. 2011ರಲ್ಲಿ ಕರ್ನಾಟಕದ ಗ್ರಾಮಗಳು 29,340. ಜನ ವಾಸ ಇರುವವು 27,397 ಮಾತ್ರ. ಉಳಿದವು ಬೇಚರಾಕ್. ಹೆಸರಿದೆ, ಸರ್ವೆ ನಂಬರ್ ಇದೆ, ಒಲೆ ಉರಿಯುವ ಮನೆ ಒಂದೂ ಇಲ್ಲ. ಒಟ್ಟು ಜನರನ್ನು 29,340ರಿಂದ ಭಾಗಿಸಿ ಒಂದು ಹಳ್ಳಿಗೆ ಸರಾಸರಿ ಇಷ್ಟು ಜನ ಅಂತ ಬರೆದ ವರದಿಗಳನ್ನು ಓದಿದ್ದೇನೆ. ಆ ಸರಾಸರಿಯಲ್ಲಿ ಬೇಚರಾಕ್ ಹಳ್ಳಿಗಳೂ ಸೇರಿ ಹೋಗಿವೆ.

ಭಾಷೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ನವೆಂಬರ್ ಬಂದರೆ ಎಲ್ಲರಿಗೂ ಅದು ಬೇಕು. 2011ರಲ್ಲಿ ದೇಶದಲ್ಲಿ ಕನ್ನಡ ಮಾತೃಭಾಷೆಯವರು 4,37,06,512. ಈ ಮೊತ್ತದೊಳಗೆ ನೀಲಗಿರಿಯ ಬಡಗ ಮಾತಾಡುವ 1,33,550 ಜನ ಇದ್ದಾರೆ. ತುಳುವಿಗೆ ಬೇರೆಯೇ ಸಾಲು, 18,46,427. ಬಡಗ ಒಳಗೆ, ತುಳು ಹೊರಗೆ. ಯಾವುದು ಭಾಷೆ, ಯಾವುದು ಅದರೊಳಗಿನ ಮಾತು ಅಂತ ಗುಂಪು ಮಾಡಿದ ಮೇಲೆ ಬಂದ ಸಂಖ್ಯೆ ಇದು. ಇದು ಭಾರತದೊಳಗಿನ ಗಣತಿ. ದುಬೈಯಲ್ಲೋ ಅಮೆರಿಕದಲ್ಲೋ ನೆಲೆಸಿರುವ ನಮ್ಮವರು ಇದರಲ್ಲಿ ಇಲ್ಲ.

ಮುಂದಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದೇಶದ ಆತ್ಮಹತ್ಯೆಗಳ ಲೆಕ್ಕವನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರತಿ ವರ್ಷ ಕೊಡುತ್ತದೆ. 2013ರಲ್ಲಿ ರೈತರ ಆತ್ಮಹತ್ಯೆ 11,772. 2014ರಲ್ಲಿ 5,650. ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ. ಕರ್ನಾಟಕದಲ್ಲಿ 1,403 ಇದ್ದದ್ದು 321 ಆಯಿತು. ಓದಿದಾಗ ಒಂದು ಕ್ಷಣ ಎದೆ ಹಗುರಾಯಿತು. ಆಮೇಲೆ ಪುಟ ತಿರುಗಿಸಿದೆ. ಆ ವರ್ಷದಿಂದ ಬ್ಯೂರೊ ವರ್ಗಗಳನ್ನೇ ಬದಲಾಯಿಸಿತ್ತು. ಸಾಗುವಳಿ ಮಾಡುವವರು ಒಂದು ಸಾಲು, ಕೃಷಿ ಕೂಲಿ ಕಾರ್ಮಿಕರು ಇನ್ನೊಂದು ಸಾಲು. ಕೂಲಿಯವರ ಸಾಲಿನಲ್ಲಿ 6,710 ಜನ ಇದ್ದರು. ಎರಡೂ ಸೇರಿದರೆ 12,360. ಅಂಕಿ ಇಳಿದದ್ದಕ್ಕೆ ಹೊಲದಲ್ಲಿ ಕಾರಣ ಹುಡುಕುವ ಮೊದಲು ಕೋಷ್ಟಕದಲ್ಲಿ ಹುಡುಕಬೇಕಿತ್ತು. ಆ ಬದಲಾವಣೆಯನ್ನು ಬ್ಯೂರೊ ಬಚ್ಚಿಟ್ಟಿರಲಿಲ್ಲ, ವರದಿಯಲ್ಲೇ ಬರೆದಿತ್ತು. ಆದರೂ ‘ಅರ್ಧಕ್ಕೆ ಇಳಿಕೆ’ ಅನ್ನುವ ಮಾತು ಎಷ್ಟು ಬಾಯಿಗಳಲ್ಲಿ ಓಡಾಡಿತು! ಸತ್ತವರ ಲೆಕ್ಕದಲ್ಲಿ ಇಂಥ ಅವಸರ ಮಾಡಬಾರದು. ಪತ್ರಿಕೆಗೆ ಬರೆಯುವವರಿಗೆ ಕೈ ಮುಗಿದು ಕೇಳುತ್ತೇನೆ, ಇಂಥ ಅಂಕಿ ಬಂದಾಗ ಹಿಂದಿನ ವರ್ಷದ ಸಂಪುಟವನ್ನೂ ತೆಗೆದು, ಸಾಲಿನ ಹೆಸರು ಒಂದೇ ಇದೆಯಾ ಅಂತ ನೋಡಿ.

ಅಪರಾಧಗಳ ವರದಿಗೂ ಒಂದು ನಿಯಮ ಇದೆ. ಒಂದು ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೆ, ಅದರಲ್ಲಿ ಅತಿ ಘೋರವಾದ ಒಂದನ್ನು ಮಾತ್ರ ಎಣಿಸುತ್ತಾರೆ. ಅತ್ಯಾಚಾರ ಮಾಡಿ ಕೊಂದಿದ್ದರೆ ಅದು ಕೊಲೆಯ ಸಾಲಿಗೆ ಹೋಗುತ್ತದೆ. ಮತ್ತೆ, ಅದು ದಾಖಲಾದ ಪ್ರಕರಣಗಳ ಲೆಕ್ಕ. ಹೆಣ್ಣುಮಕ್ಕಳು ಧೈರ್ಯವಾಗಿ ಠಾಣೆಗೆ ಹೋಗುವ ಊರಿನಲ್ಲಿ ಸಂಖ್ಯೆ ಜಾಸ್ತಿ ಕಾಣಬಹುದು.

2021ರ ನವೆಂಬರಿನಲ್ಲಿ ಇನ್ನೊಂದು ಅಂಕಿ ಓಡಾಡಿತು. ದೇಶದಲ್ಲಿ ಸಾವಿರ ಗಂಡಸರಿಗೆ 1,020 ಹೆಂಗಸರು ಅಂತ. ಅದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನದು. ಒಳ್ಳೆಯ ಸಮೀಕ್ಷೆ. ಗರ್ಭಿಣಿಯರ ಆರೈಕೆ, ಮಕ್ಕಳ ತೂಕ, ರಕ್ತಹೀನತೆ ತಿಳಿಯಲು ನಾನು ಮೊದಲು ನೋಡುವುದೇ ಅದನ್ನು. ಆದರೆ ಅದು ಆಯ್ದ ಸುಮಾರು 6.37 ಲಕ್ಷ ಮನೆಗಳ ಸಮೀಕ್ಷೆ, ತಲೆ ಎಣಿಸುವ ಗಣತಿ ಅಲ್ಲ. ದುಡಿಯಲು ಹೋಗಿ ಶೆಡ್ಡುಗಳಲ್ಲಿ, ಕ್ಯಾಂಪುಗಳಲ್ಲಿ, ಬ್ಯಾರಕ್ಕುಗಳಲ್ಲಿ ಇರುವ ಗಂಡಸರು ಮನೆಯ ಪಟ್ಟಿಯಲ್ಲಿ ಸಿಗುವುದು ಕಷ್ಟ. ಅದೇ ವರದಿಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಸಾವಿರ ಗಂಡಿಗೆ 929 ಹೆಣ್ಣು ಅಂತಲೂ ಇದೆ. ನಾವು ಚಿಂತೆ ಮಾಡಬೇಕಾದ ಅಂಕಿ ಅದು. ಸಂಭ್ರಮದ ನಡುವೆ ಅದನ್ನು ಯಾರೂ ಓದಲಿಲ್ಲ.

ಜಿಡಿಪಿ ಬಗ್ಗೆ ಒಂದೇ ಮಾತು. 2013-14ರ ಬೆಳವಣಿಗೆ ದರ ಹಳೆಯ 2004-05ರ ಮೂಲ ವರ್ಷದ, ಅಂದರೆ ಆ ವರ್ಷದ ಬೆಲೆಗಳನ್ನು ಹಿಡಿದು ಲೆಕ್ಕ ಹಾಕಿದ, ಸರಣಿಯಲ್ಲಿ ಶೇ 4.7. 2015ರ ಜನವರಿಯಲ್ಲಿ ಬಂದ 2011-12ರ ಮೂಲ ವರ್ಷದ ಸರಣಿಯಲ್ಲಿ ಅದೇ ವರ್ಷಕ್ಕೆ ಶೇ 6.9. ಮೂಲ ವರ್ಷ ಬರೆಯದ ಜಿಡಿಪಿ ಅಂಕಿಯನ್ನು ನಾನು ನೋಟ್ಸಿಗೆ ಇಳಿಸುವುದೇ ಇಲ್ಲ. ರೈತರು ಕೇಳುವ ವಾಡಿಕೆ ಮಳೆಯೂ ಹಾಗೇ. ದೇಶದ ಮುಂಗಾರಿನ ವಾಡಿಕೆ ಮೊದಲು 88 ಸೆಂಟಿಮೀಟರ್ ಇತ್ತು, ಈಗ 87. ಯಾವ ಐವತ್ತು ವರ್ಷದ ಸರಾಸರಿ ಅನ್ನುವುದು ಬದಲಾಗಿದೆ.

ಹಾಗಾದರೆ ಎಲ್ಲಿ ಹುಡುಕಬೇಕು? ಅಂಕಿಗೆ ತವರುಮನೆ ಅಂತ ಒಂದು ಇರುತ್ತದೆ. ಜನರ ಲೆಕ್ಕಕ್ಕೆ ಜನಗಣತಿ ಇಲಾಖೆ. ಕೆಲಸ, ನಿರುದ್ಯೋಗ, ಮನೆಯ ಖರ್ಚು, ಜಿಡಿಪಿಗೆ ರಾಷ್ಟ್ರೀಯ ಸಾಂಖ್ಯಿಕ ಕಚೇರಿ. ನಮ್ಮ ರಾಜ್ಯಕ್ಕೆ ಬೆಂಗಳೂರಿನ ಎಂ.ಎಸ್. ಬಿಲ್ಡಿಂಗಿನಲ್ಲಿರುವ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ. ಬೆಳೆ ಕಟಾವು ಪ್ರಯೋಗದ ಇಳುವರಿ, ಜನನ ಮರಣ ನೋಂದಣಿ ಎಲ್ಲ ಅವರ ಕೈಯಲ್ಲಿ. ಜಿಲ್ಲೆಯಲ್ಲಿ ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿ ಅಂತ ಇದ್ದಾರೆ. ಜಿಲ್ಲೆಯ ಅಂಕಿ ಅಂಶಗಳ ನೋಟ ಎಂಬ ಪುಸ್ತಕ ಆ ಕಚೇರಿಯಿಂದ ಬರುತ್ತದೆ. ಹೋಗಿ ಕೇಳಿ, ಸಂಕೋಚ ಬೇಡ.

ಆರ್ಥಿಕ ಸಮೀಕ್ಷೆ, ರಿಸರ್ವ್ ಬ್ಯಾಂಕಿನ ರಾಜ್ಯಗಳ ಕೈಪಿಡಿ ಇವೆಲ್ಲ ಹಲವು ಕಡೆಯಿಂದ ತಂದು ಜೋಡಿಸಿದ ಪುಸ್ತಕಗಳು. ಹತ್ತಾರು ವರ್ಷದ ಅಂಕಿ ಒಂದೇ ಕಡೆ ಸಿಗುವುದರಿಂದ ಬಹಳ ಅನುಕೂಲ. ಆದರೆ ಕೋಷ್ಟಕದ ಕೆಳಗೆ ‘ಮೂಲ’ ಅಂತ ಒಂದು ಸಾಲು ಇರುತ್ತದೆ. ಮುಖ್ಯವಾದ ಅಂಕಿಯಾದರೆ ಆ ಸಾಲು ಹಿಡಿದು ತವರಿಗೆ ಹೋಗಿ ಒಮ್ಮೆ ತಾಳೆ ನೋಡಿ. ತಲೆಬರಹದ ಪಕ್ಕ ‘ಸಾವಿರಗಳಲ್ಲಿ’, ‘ಲಕ್ಷ ಟನ್‌ಗಳಲ್ಲಿ’ ಅಂತ ಬರೆದಿರುತ್ತಾರೆ, ಅದನ್ನು ಬಿಟ್ಟು ಬರೆದರೆ ಲೆಕ್ಕ ಸಾವಿರ ಪಟ್ಟು, ಲಕ್ಷ ಪಟ್ಟು ಕೆಡುತ್ತದೆ. ‘ಲಭ್ಯವಿಲ್ಲ’ ಅಂತಿದ್ದರೆ ಅದು ಸೊನ್ನೆ ಅಲ್ಲ, ದಯವಿಟ್ಟು ಸೊನ್ನೆ ಅಂತ ಬರೆಯಬೇಡಿ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಎದ್ದು ಕೇಳಿದ. “ಮೇಡಂ, 2021ರ ಗಣತಿ ಆಗಲೇ ಇಲ್ಲ. ಇವತ್ತಿನ ಜನಸಂಖ್ಯೆ ಎಷ್ಟು ಅಂತ ಬರೆಯೋದು?” ಒಳ್ಳೆಯ ಪ್ರಶ್ನೆ. ಕೋವಿಡ್‌ನಿಂದ ನಿಂತ ಗಣತಿಗೆ ಈಗ 2027ರ ಮಾರ್ಚ್ 1 ಅಂತ ದಿನ ಗೊತ್ತಾಗಿದೆ. ಹಿಮ ಬೀಳುವ ಪ್ರದೇಶಗಳಿಗೆ ಮಾತ್ರ 2026ರ ಅಕ್ಟೋಬರ್ 1. ಅದರ ಅಂಕಿ ಕೈಗೆ ಬರುವವರೆಗೆ ಎಣಿಸಿದ ಸಂಖ್ಯೆ ಅಂದರೆ 2011ರದ್ದೇ. ಕೇಂದ್ರದ ತಾಂತ್ರಿಕ ತಂಡ 2011ರಿಂದ 2036ರವರೆಗೆ ವರ್ಷ ವರ್ಷದ ಅಂದಾಜು ಮಾಡಿದ ವರದಿ ಇದೆ, 2020ರಲ್ಲಿ ಪ್ರಕಟವಾಯಿತು. ರಾಜ್ಯವಾರು ಸಿಗುತ್ತದೆ. ಅದನ್ನು ಬಳಸಿ, ಪಕ್ಕದಲ್ಲಿ ‘ಅಂದಾಜು’ ಅಂತ ಬರೆಯಿರಿ, ಯಾರ ಅಂದಾಜು ಅಂತಲೂ ಬರೆಯಿರಿ ಅಂದೆ.

ಆಮೇಲೆ ಏಳೆಂಟು ಜನ ಪರಾಮರ್ಶನ ವಿಭಾಗಕ್ಕೆ ಬಂದರು. ನಮ್ಮ ಜಿಲ್ಲೆಯ ಕೈಪಿಡಿ ಮೇಲಿನ ಕಪಾಟಿನಲ್ಲಿತ್ತು, ಧೂಳು ಒರೆಸಿ ಕೆಳಗೆ ಇಳಿಸಿದೆವು. ಪಿಯುಸಿ ಓದುವ ಹುಡುಗಿಯೊಬ್ಬಳು ತನ್ನ ಊರಿನ ಸಾಲಿನ ಮೇಲೆ ಸ್ಕೇಲ್ ಇಟ್ಟುಕೊಂಡು ಒಂದೊಂದೇ ಕಾಲಂ ದಾಟುತ್ತಾ ಹೋದಳು. ಪ್ರಾಥಮಿಕ ಶಾಲೆ 1. ಹೈಸ್ಕೂಲಿನ ಕಾಲಂನಲ್ಲಿ ಬಿ. ಪಕ್ಕದ ಹುಡುಗ ಫೋಟೊ ತೆಗೆಯಲು ಫೋನ್ ಎತ್ತಿದ. “ತಡಿ, ಮೇಲಿನ ಸಾಲೂ ಬರ್ಲಿ” ಅಂತ ಅವಳು ಪುಸ್ತಕವನ್ನು ಸ್ವಲ್ಪ ಕೆಳಗೆ ಸರಿಸಿದಳು.